ಅಕ್ಕನ ಕೌದಿ ಮತ್ತು ನೆಲಮಾಳಿಗೆಯ ಕಿಂಡಿ

ನಾನು ಪಾಮನಕಲ್ಲೂರಿನ ಒಣಬೇಸಾಯದವನು. ಅಲ್ಲಿ ಜೋಳ ತುಂಬಿಡುವ ಹಗೇವು, ಅಂದರೆ ನೆಲದೊಳಗಿನ ಕಣಜ, ಮುಗ್ಗಿದರೆ ಬಾಯಿ ತೆರೆದು ಗಾಳಿಯಾಡಿಸುತ್ತಿದ್ದೆವು. ಒಣಗಾಳಿಗೆ ಎಲ್ಲ ಸರಿಹೋಗುತ್ತಿತ್ತು. ಅದೇ ತಿಳಿವಳಿಕೆ ಹೊತ್ತು ದಢೇಸುಗೂರಿಗೆ ಬಂದೆ. ಕಾಲುವೆ ಕೆಳಗಿನ ಗದ್ದೆಗಳ ಪಕ್ಕ ಮನೆ ಕಟ್ಟಿಸಿ, ಅದರಡಿ ನೆಲಮಾಳಿಗೆ ತೋಡಿಸಿದೆ.

ಗಂಡ ಸತ್ತ ಮೇಲೆ ಅಕ್ಕ ನಮ್ಮಲ್ಲಿಗೆ ಬಂದಳು. ಜೊತೆಗೆ ತಂದದ್ದು ಒಂದು ತಗಡಿನ ಟ್ರಂಕು; ಅದರೊಳಗೆ ಗಂಡನ ಧೋತರ, ಅಂಗಿಗಳನ್ನು ಸೇರಿಸಿ ತಾನೇ ಹೊಲಿದ ಕೌದಿ. ತಾನು ಸತ್ತಾಗ ಅದನ್ನೇ ಹೊದಿಸಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದಳು. ಮೇಲೆ ಜಾಗವಿಲ್ಲವೆಂದು ಟ್ರಂಕನ್ನು ಕೆಳಗಿಡಿಸಿದವನು ನಾನು.

ಭತ್ತದ ನಾಟಿಯಾಗಿ ಸುತ್ತಲೂ ನೀರು ನಿಂತಾಗ ನೆಲಮಾಳಿಗೆಯ ಗೋಡೆ ಬೆವರತೊಡಗಿತು. ನಾನು ಕಿಂಡಿಗಳನ್ನೆಲ್ಲ ತೆರೆದಿಟ್ಟೆ. ಮುಗ್ಗಲು ವಾಸನೆ ಇನ್ನೂ ಹೆಚ್ಚಿತು.

"ಕಿಂಡಿ ಮುಚ್ಚೋ ತಮ್ಮಾ. ಗದ್ದ್ಯಾಗಿನ ಹಸಿ ಗಾಳಿ ಒಳಗ ಬಂದು ತಣ್ಣನ ಗ್ವಾಡಿಗೆ ನೀರಾಗಾಕತ್ತೈತಿ. ಬುಟ್ಟ್ಯಾಗ ಸುಣ್ಣದ ಹಳ್ಳು ಇಟ್ಟು ಬಾಗಲಾ ಹಾಕು, ಹಸಿ ಹೀರತೈತಿ," ಎಂದಳು ಅಕ್ಕ.

"ಹಗೇವು ನೋಡಿ ಬೆಳದಾವ ನಾ. ನೀ ಒಲಿ ಮುಂದ ಕುಂದ್ರು."

"ಕಾಲಿವಿ ನೀರು ಕುಡಿದ್ರೂ ನಿನ್ನ ತಲಿ ಇನ್ನಾ ಪಾಮನಕಲ್ಲೂರಾಗ ಐತಿ."

ಹೆಂಡತಿ ನಕ್ಕಳು. ಅದು ನನಗೆ ಚುಚ್ಚಿತು. ಅಕ್ಕ ತಾನೇ ಇಳಿದು ಕಿಂಡಿ ಮುಚ್ಚಿ ಬಂದಳು. ನಾನು ಮತ್ತೆ ತೆರೆದು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಟ್ರಂಕನ್ನಾದರೂ ಮೇಲೆ ತಂದುಕೊಡು ಎಂದು ಬೇಡಿದಳು. ತರಲಿಲ್ಲ.

ಸುಗ್ಗಿ ಮುಗಿದ ಮೇಲೆ ತೆರೆದು ನೋಡಿದೆ. ಟ್ರಂಕಿನ ತಳ ತುಕ್ಕು ತಿಂದಿತ್ತು. ಕೌದಿ ಕಪ್ಪು ಬೂಷ್ಟು ಹಿಡಿದು, ಎತ್ತಿದರೆ ಹಸಿ ಹಿಟ್ಟಿನಂತೆ ಕೈಯಲ್ಲೇ ಹರಿಯಿತು. ಅದನ್ನು ಚೀಲದಲ್ಲಿ ತುಂಬಿ, ಯಾರಿಗೂ ಹೇಳದೆ ಕಾಲುವೆಗೆ ಎಸೆದು ಬಂದೆ.

ಮರುವರ್ಷ ಅಕ್ಕ ಹಾಸಿಗೆ ಹಿಡಿದಳು. ಕೌದಿ ಚೆನ್ನಾಗಿದೆಯೇ ಎಂದು ಕೇಳಿದಳು.

"ಐತಿ ಯಕ್ಕಾ," ಎಂದೆ.

"ನೀ ಇದ್ದೀ ಅಂತ ನನಗ ಧೈರ್ಯ," ಎಂದಳು.

ಹೆಣದ ಮುಂದೆ ಹೆಂಗಸರು ಕೌದಿ ಕೇಳಿದಾಗ, ಅಕ್ಕನೇ ಅದನ್ನು ಯಾರಿಗೋ ಕೊಟ್ಟುಬಿಟ್ಟಳು ಎಂದೆ. ಅಂಗಡಿಯಿಂದ ತರಿಸಿದ ಬಿಳಿ ಬಟ್ಟೆ ಹೊದಿಸಿದೆವು. ಗಂಡನ ಬಟ್ಟೆಯನ್ನೂ ಇಟ್ಟುಕೊಳ್ಳದ ಹೆಂಗಸು ಎಂದು ಯಾರೋ ಗೊಣಗಿದರು. ಆ ಮಾತು ಊರಲ್ಲಿ ಉಳಿದುಹೋಗಿದೆ. ಅಕ್ಕ ಆ ಕೌದಿಯನ್ನು ಯಾರಿಗೂ ಕೊಟ್ಟಿರಲಿಲ್ಲ.