ಚುಕ್ಕಿ ಹೊಡೆದ ಕರೇ ಸಾಕೆಟ್ಟು

ಹೊಳೆಯುವುದನ್ನು ಕಂಡರೆ ಕೊಳ್ಳುವುದು ನನ್ನ ಹುಟ್ಟುಗುಣ. ನನ್ನ ಹೆಂಡತಿ ಇದನ್ನು ಕಾಗೆಬುದ್ಧಿ ಎನ್ನುತ್ತಾಳೆ. ಎಂಬತ್ತರ ದಶಕದ ಮೊದಲಲ್ಲಿ, ಕೊಟ್ಟೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ನಾನು ಅವಳ ತಮ್ಮ ಕೊಟ್ರೇಶನ ಜೊತೆ ಪಾಲಿನಲ್ಲಿ ಒಂದು ಹಳೆಯ ಲಾರಿ ಕೊಂಡೆ. ಅದರ ಚಕ್ರದ ನಟ್ಟು ಬಿಚ್ಚಲು ಮಿರಮಿರ ಮಿಂಚುವ ಹೊಸ ಸಾಕೆಟ್ಟುಗಳನ್ನೇ ಹುಡುಕಿ ತಂದೆ. ಸಾಕೆಟ್ಟೆಂದರೆ ನಟ್ಟಿನ ತಲೆಗೆ ಟೋಪಿಯ ಹಾಗೆ ಕೂರುವ ಉಕ್ಕಿನ ಬಟ್ಟಲು. ಅದಕ್ಕೆ ಹಿಡಿಕೆ ಸಿಕ್ಕಿಸಿ, ಹಿಡಿಕೆಗೆ ಪೈಪು ತೊಡಿಸಿ, ಪೈಪಿನ ಮೇಲೆ ಕೊಟ್ರೇಶ ಹತ್ತಿ ಕುಣಿದರೆ ನಟ್ಟು ಸಡಿಲಾಗಬೇಕು. ಮಾಗಳದ ಹಾದಿಯಲ್ಲಿ ಚಕ್ರ ಪಂಕ್ಚರಾದಾಗ ಅವನು ಕುಣಿದ. ನಟ್ಟು ಅಲ್ಲಾಡಲಿಲ್ಲ, ನನ್ನ ಹೊಳೆಯುವ ಬಟ್ಟಲು ಟಪ್ಪೆಂದು ಎರಡಾಯಿತು. ಗ್ಯಾರಂಟಿ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದೆ. ಚೀಟಿಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಬಳಸಿದ ಮೇಲೆ ಜವಾಬ್ದಾರಿ ಇಲ್ಲ’ ಎಂದಿತ್ತು. ಬಳಸದೆ ಒಡೆಯುವುದು ಹೇಗೆಂದು ಇವತ್ತಿಗೂ ಯೋಚಿಸುತ್ತಿದ್ದೇನೆ.

ಆಗ ಕೊಟ್ರೇಶ ನನ್ನನ್ನು ರಹಿಮಾನ್ ಸಾಬರ ಗುಜರಿ ಅಂಗಡಿಗೆ ಎಳೆದುಕೊಂಡು ಹೋದ. ಸಂಡೂರಿನ ಕಡೆಯ ಗಣಿಗಳಲ್ಲಿ ನಟ್ಟನ್ನು ಹೊಡೆದು ಹೊಡೆದು ತಿರುಗಿಸುವ ಗಾಳಿ ಒತ್ತಡದ ಯಂತ್ರಕ್ಕೆ ಹಾಕಿ ಬಳಸಿ ಬಿಟ್ಟ ಇಂಪ್ಯಾಕ್ಟ್ ಸಾಕೆಟ್ಟುಗಳು ಅವರಲ್ಲಿ ರಾಶಿ ಬಿದ್ದಿದ್ದವು. ದಪ್ಪ, ಕರಿ, ಮಿಂಚಿಲ್ಲ, ಮಾಟವಿಲ್ಲ. ನಾನು ಮೂಗು ಮುರಿದೆ.

“ಮಿಂಚೋದು ಬಾಳ ಬಿರುಸು ಇರ್ತೈತ್ರಿ ಮೇಷ್ಟ್ರೇ, ಹೊಡೆತ ಬಿದ್ರ ಒಡೀತೈತಿ. ಇದು ಹೊಡೆತ ತಿಂದು ತಿಂದು ಬಂದದ್ದು. ಒಳಗ ಸ್ವಲ್ಪ ಬಾಗೋ ಗುಣ ಐತಿ, ಅದಕ್ಕ ಉಳದೈತಿ” ಎಂದರು ಸಾಬರು.

ಹಾಗೆಂದು ಕೈಗೆ ಸಿಕ್ಕಿದ್ದನ್ನು ಕೊಡುವವರಲ್ಲ. ಸಾಕೆಟ್ಟನ್ನು ದಾರದಲ್ಲಿ ತೂಗಿಬಿಟ್ಟು ಕಬ್ಬಿಣದ ಸರಳಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುವರು. ಸಂತೆಯಲ್ಲಿ ನಮ್ಮ ಹೆಂಗಸರು ಗಡಿಗೆ ಬಡಿದು ನೋಡುವುದಿಲ್ಲವೇ, ಹಾಗೆ. ನಾದ ಎಳೆದರೆ ಪಾಸು. ಅನುಮಾನ ಬಂದರೆ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುವರು. ಕೂದಲೆಳೆಯ ಬಿರುಕಿದ್ದರೂ ಒಳಗಿನ ಎಣ್ಣೆ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು. ಹದಿನೈದು ವರ್ಷ ಸೀಮೆಸುಣ್ಣ ಸವೆಸಿದವನು ನಾನು. ಅದರಿಂದ ಇಷ್ಟು ಸತ್ಯ ಹೊರಡಿಸಿದ್ದು ನೆನಪಿಲ್ಲ. ಬಿರುಕಿದ್ದನ್ನು ಸಾಬರು ಕಮ್ಮಾರರ ಅಡಿಗಲ್ಲ ಮೇಲಿಟ್ಟು ಸುತ್ತಿಗೆಯಿಂದ ಪುಡಿ ಮಾಡಿಬಿಡುವರು. ಇನ್ನೊಬ್ಬ ಅದನ್ನು ಮಾರಿ ಯಾರದಾದರೂ ಕೈ ಹೋಗಬಾರದು ಎಂದು.

ಪಾಸಾದದ್ದರ ಮೈಗೆ ಒಂದು ಚುಕ್ಕಿ ಹೊಡೆಯುವರು. ಅದೇ ಗ್ಯಾರಂಟಿ, ಚೀಟಿಗೀಟಿ ಇಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಬಿರುಕು ಬಿಟ್ಟರೂ ಅಲ್ಲಿಯ ಮೆಕ್ಯಾನಿಕ್ಕು ಚುಕ್ಕಿ ನೋಡಿ ಬೇರೆಯದು ಕೊಟ್ಟು, ಒಡೆದದ್ದನ್ನು ಬಸ್ಸಿನಲ್ಲಿ ಸಾಬರಿಗೆ ಕಳಿಸುತ್ತಿದ್ದ. ಷರತ್ತು ಒಂದೇ: ಸಾಕೆಟ್ಟಿಗೆ ಸುತ್ತಿಗೆ ತಾಗಿಸಬಾರದು. ನನ್ನ ಮದುವೆಯಲ್ಲಿ ನಮ್ಮಪ್ಪ ಬೀಗರಿಗೆ ‘ಹುಡುಗ ಬಾಳ ಶಾಂತ’ ಎಂದು ಗ್ಯಾರಂಟಿ ಕೊಟ್ಟಿದ್ದರು. ಆ ಮಾತಿಗೆ ಹೋಲಿಸಿದರೆ ಸಾಬರ ಚುಕ್ಕಿ ಶಾಸನ!

ಆ ಶಾಸನ ಮುರಿದವನು ನಾನೇ. ಒಂದು ಭಾನುವಾರ ನಟ್ಟಿನ ಮೂಲೆ ಸವೆದು ಸಾಕೆಟ್ಟು ಸುಮ್ಮನೆ ತಿರುಗತೊಡಗಿತು. ಸಾಬರಲ್ಲಿ ಕೊಂಡಿದ್ದ ಚುಕ್ಕಿಯ ಸಾಕೆಟ್ಟುಗಳಲ್ಲಿ ಒಂದು ಸೈಜು ಚಿಕ್ಕದನ್ನು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದೆ. “ಬ್ಯಾಡ ಮಾವ” ಎಂದ ಕೊಟ್ರೇಶನಿಗೆ, “ಗಣಿತ ನನಗ ಗೊತ್ತು, ಸುಮ್ನಿರಲೇ” ಎಂದೆ. ನಟ್ಟು ಬಂತು, ಬಿರುಕೂ ಬಂತು. ಸಾಬರ ಮುಂದೆ ಇಟ್ಟು, “ತಾನೇ ಸೀಳಿತ್ರಿ” ಎಂದೆ. ಅಂಗಡಿಯಲ್ಲಿ ನಾಲ್ವರು ಡ್ರೈವರುಗಳಿದ್ದರು. ಸಾಬರು ಸಾಕೆಟ್ಟನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಸುಣ್ಣ ಬಳಿಯಲಿಲ್ಲ, ಯಾರಿಗೂ ತೋರಿಸಲಿಲ್ಲ. ನೇರ ಅಡಿಗಲ್ಲಿಗೆ ಇಟ್ಟು ಪುಡಿ ಮಾಡಿ, ಬೇರೆಯದು ಕೊಟ್ಟರು. ಗೆದ್ದೆನೆಂದು ಮನೆಗೆ ಬಂದೆ.

ಮುಂದಿನ ವಾರ ಬೋಲ್ಟು ತರಲು ಸಾಬರ ಅಂಗಡಿಗೆ ಹೋದಾಗ, ಹೊಸಹಳ್ಳಿಯ ಡ್ರೈವರೊಬ್ಬ ಸುತ್ತಿಗೆ ಗುರುತಿದ್ದ ಸಾಕೆಟ್ಟು ತಂದಿದ್ದ. ಸಾಬರು ಅದನ್ನು ಎಲ್ಲರಿಗೂ ತೋರಿಸಿ, “ಇದಕ್ಕ ಗ್ಯಾರಂಟಿ ಇಲ್ಲ, ನಡಿ” ಎಂದು ಕಳಿಸಿದರು. ಅವನು ತಲೆ ತಗ್ಗಿಸಿ ಹೋದ. ಅಂಗಡಿ ಖಾಲಿಯಾಗುವವರೆಗೆ ಕೂತಿದ್ದು, “ಸಾಹೇಬ್ರ, ಅವತ್ತು ನಾನೂ ಬಡಿದಿದ್ದೆ. ಸುಳ್ಳು ಹೇಳಿದೆ” ಎಂದೆ.

“ಗೊತ್ತೈತ್ರಿ. ಆ ಏಟು ಕುರುಡಗೂ ಕಾಣ್ತಿತ್ತು.”

“ಮತ್ತ ನನಗ್ಯಾಕ ಬ್ಯಾರೇದು ಕೊಟ್ರಿ?”

“ನಮ್ಮ ಮಗಳು ಶಮೀಮಾ ನಿಮ್ಮ ಕ್ಲಾಸಿನಾಗ ಅದಾಳಲ್ರಿ. ‘ನಮ್ಮ ಸರ್ ಸುಳ್ಳು ಹೇಳಂಗಿಲ್ಲ’ ಅಂತ ದಿನಾ ಮನ್ಯಾಗ ಹೇಳ್ತಾಳ. ಆ ನಾಕು ಮಂದಿ ಮುಂದ ನಾ ಬಾಯಿ ಬಿಟ್ಟಿದ್ರ ಸಂಜಿಗೆ ಆಕಿ ಕಿವಿಗೆ ಮುಟ್ತಿತ್ತು. ಒಂದು ಸಾಕೆಟ್ಟು ಹೋದ್ರ ಹೋಗ್ಲಿ ಅಂತ ಸುಮ್ನಾದೆ.”

ತನ್ನ ಮಾತಿನ ಮೇಲೆ ಇಡೀ ವ್ಯಾಪಾರ ನಿಲ್ಲಿಸಿಕೊಂಡಿದ್ದ ಮನುಷ್ಯ, ಮಗಳ ಕಣ್ಣಲ್ಲಿ ನಾನು ಸಣ್ಣವನಾಗಬಾರದೆಂದು ಆ ಮಾತನ್ನೇ ನುಂಗಿದ್ದ. ಅಷ್ಟು ದೊಡ್ಡವರನ್ನು ನಾನು ಕಂಡದ್ದು ಕಡಿಮೆ. ಆದರೆ ಅವರು ಉಳಿಸಿಕೊಟ್ಟ ಮಾನವನ್ನು ಸುಳ್ಳಿನ ಮೇಲೆಯೇ ಇಟ್ಟುಕೊಂಡು ಪಾಠ ಹೇಳುವುದು ಹೇಗೆ? ಮರುದಿನ ಒಂಬತ್ತನೇ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು, ಸುತ್ತಿಗೆಯಿಂದ ಸುಳ್ಳಿನವರೆಗೆ ಎಲ್ಲವನ್ನೂ ಮಕ್ಕಳಿಗೆ ಹೇಳಿಬಿಟ್ಟೆ. ಕೊನೆಗೆ ಧೈರ್ಯ ಮಾಡಿ ಶಮೀಮಾಳ ಕಡೆ ನೋಡಿದೆ. ಮುಖ ಕೆಂಪಗಾಗಿತ್ತು. ಆಯಿತು, ನನ್ನ ಹೆಸರು ಮಣ್ಣುಪಾಲು ಎಂದುಕೊಂಡೆ. ಅವಳು ಎದ್ದು ನಿಂತಳು.

“ಸರ್, ಸಾಕೆಟ್ಟಿಗೆ ಸುತ್ತಿಗಿ ಹೊಡೀಬಾರ್ದು ಅಂತ ನಿಮಗ ಗೊತ್ತಿರಲಿಲ್ಲೇನ್ರಿ? ನಮ್ಮಜ್ಜಿಗೂ ಗೊತ್ತೈತ್ರಿ!”