ಭಾವನ ಅಟ್ಟ, ಏಳು ಮೊಳೆ ತೂತು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ನಲವತ್ತು ವರ್ಷದಿಂದ ಬಡಗಿ. ಊರಲ್ಲಿ ಯಾರ ಅಟ್ಟದ ಮೇಲೆ ಟ್ರಂಕು ಏರಬೇಕಾದರೂ ಮೊದಲು ಇವರ ಅಪ್ಪಣೆಯಾಗಬೇಕು. ಬಂದವರೇ ಅಟ್ಟದ ಕೆಳಗೆ ಚಾಪೆ ಹಾಸಿಸಿ ಅಂಗಾತ ಮಲಗಿಬಿಡುತ್ತಾರೆ. ಕೆಲಸಕ್ಕೆ ಕರೆದ ಮನುಷ್ಯ ಮಲಗಿದ್ದು ನೋಡಿ ಹೊಸಬರು ಕಕ್ಕಾಬಿಕ್ಕಿಯಾಗುವುದುಂಟು. ಮಲಗಿದರೇನೇ ತೊಲೆಯ ಹೊಟ್ಟೆ ಕಾಣುವುದು ಎನ್ನುವುದು ಇವರ ವಾದ. ಆಮೇಲೆ ಎದುರುಬದುರು ಗೋಡೆಗೆ ಒಂದೊಂದು ಮೊಳೆ ಹೊಡೆದು, ತೊಲೆಯಿಂದ ಅರ್ಧ ಬೆರಳು ಕೆಳಗೆ ದಾರ ಬಿಗಿಯುತ್ತಾರೆ. ಸಾಮಾನು ಏರಿಸುತ್ತಾ ಹೋದಂತೆ ತೊಲೆ ಬಗ್ಗಿ ದಾರಕ್ಕೆ ತಾಗಿತೋ, ಅಲ್ಲಿಗೆ ಮುಗಿಯಿತು. ಇನ್ನೊಂದು ತಲೆದಿಂಬೂ ಮೇಲೆ ಹೋಗಕೂಡದು.

ಚಾಪೆ ಹಾಸುವಷ್ಟು ಜಾಗಕ್ಕೆ ಒಬ್ಬ ಮನುಷ್ಯನ ಭಾರ, ಅದೂ ಸಣಕಲು ಮನುಷ್ಯ. ಭಾರದ್ದು ಗೋಡೆ ಪಕ್ಕಕ್ಕೆ, ಹಗುರದ್ದು ನಡುವಿಗೆ. ಇಷ್ಟು ಇವರ ಶಾಸ್ತ್ರ. ಎರಡು ಹೊಲಿಗೆ ಯಂತ್ರ ನಟ್ಟನಡುವೆಯೇ ಇಡುತ್ತೇನೆಂದು ದರ್ಜಿಯಮ್ಮ ಹಟ ಹಿಡಿದಾಗ, ಹಾಗಾದರೆ ಅದರ ಕೆಳಗೆ ನಿಮ್ಮ ಯಜಮಾನರ ಮಂಚ ಹಾಕಿ ಎಂದು ಹೇಳಿ ಬಂದಿದ್ದರು. ಆಕೆ ಸ್ವಲ್ಪ ಹೊತ್ತು ಯೋಚಿಸಿದಳಂತೆ.

ಇಂಥವರ ಸ್ವಂತ ಅಟ್ಟದ ಮೇಲೆ ಏನಿತ್ತು ಗೊತ್ತೇ? ಹಳೇ ಚೌಕಟ್ಟುಗಳು, ಕಾಲಿಲ್ಲದ ಮೇಜು, ಮೇಜಿಲ್ಲದ ಕಾಲು. ಇಳಿಸಿ ಎಂದು ಅಕ್ಕ ಬಾಯಿ ನೋಯುವಷ್ಟು ಹೇಳಿದಳು. ಪುಣ್ಯಾತ್ಮ ಕೆಳಗಿನ ದಾರ ತೋರಿಸಿ, ತಾಗಿಲ್ಲವಲ್ಲ ಎನ್ನುತ್ತಿದ್ದರು. ದಾರ ಅಷ್ಟು ದೂರದಲ್ಲಿದ್ದರೆ ಯಾರು ಏನು ಹೇಳುವುದು!

ಈ ವರ್ಷ ಅವರ ಮಗಳು ಹಸುಗೂಸಿನ ಜೊತೆ ಮೂರು ತಿಂಗಳು ಇರಲು ಬರುವವಳಿದ್ದಳು. ಮನೆಯಲ್ಲಿ ಗಾಳಿ ಬೆಳಕು ಇರುವ ಕೋಣೆ ಒಂದೇ, ಅದೂ ಆ ಅಟ್ಟದ ಕೆಳಗೆ. ಜೇಡರ ಬಲೆ ಹೊಡೆಯಲು ನಾನು ಹೋದೆ. ಗೋಡೆ ಒರೆಸುತ್ತಿದ್ದಾಗ ದಾರದ ಮೊಳೆಯ ಮೇಲೆ ಒಂದು ತೂತು ಕಂಡಿತು. ಅದರ ಮೇಲೆ ಇನ್ನೊಂದು. ಎಣಿಸಿದೆ, ಏಳು. ಮೊದಲಿನದಕ್ಕೂ ಈಗಿನ ಮೊಳೆಗೂ ನಾಲ್ಕು ಬೆರಳು ಅಂತರ.

ಕರೆದು ತೋರಿಸಿದೆ. ಭಾವ ತಲೆ ಕೆರೆದುಕೊಂಡರು. "ಮಳೆ ಬಂದಾಗ ಮರ ಉಬ್ಬುತ್ತಲ್ಲ, ಅದಕ್ಕೇ ತಾಗಿದೆ ಅಂದ್ಕೊಂಡೆ. ಪ್ರತಿ ಸಲ ದಾರಾನ ಚೂರು ಕೆಳಗೆ ಕಟ್ಟಿದೆ."

ನನಗೆ ಪಿತ್ತ ನೆತ್ತಿಗೇರಿತು. "ಬೇರೆಯವರು ಹೀಗೆ ಮೊಳೆ ಇಳಿಸಿದ್ರೆ ಅವರ ಮಗೂನ ಇಲ್ಲಿ ಮಲಗಿಸೋಕೆ ಬಿಡ್ತಿದ್ರಾ ಭಾವ?"

ಭಾವ ಚಾಪೆ ತಂದು ಹಾಸಿ, ತಮ್ಮದೇ ತೊಲೆಯ ಕೆಳಗೆ ಅಂಗಾತ ಮಲಗಿದರು. ಎಷ್ಟೋ ಹೊತ್ತು ನೋಡಿದರು. ಎದ್ದಾಗ ಮುಖ ಬಿಳಿಚಿಕೊಂಡಿತ್ತು. ಬೈದದ್ದು ಜಾಸ್ತಿಯಾಯಿತೇನೋ ಎಂದು ನನಗೇ ಅಯ್ಯೋ ಅನ್ನಿಸಿತು.

ಎರಡು ದಿನ ಸಾಮಾನು ಇಳಿಸಿದ್ದೇ ಇಳಿಸಿದ್ದು. ನಾನು ಏಣಿಯ ಬುಡದಲ್ಲಿ ಪೊಲೀಸಿನವಳಂತೆ ನಿಂತಿದ್ದೆ. ಆದರೂ ಒಂದು ಕಿಟಕಿ ಚೌಕಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮತ್ತೆ ಹತ್ತಲು ನೋಡಿದರು. ಆಳೆತ್ತರದ ಚೌಕಟ್ಟು! ಕೊನೆಗೆ ತೊಲೆಗೆ ಹೊಸ ಕಂಬ ಎರಡು ಆನಿಸಿ ನಿಲ್ಲಿಸಿದರು. ಭಾರವೆಲ್ಲ ಹೋದರೂ ತೊಲೆಯ ಬಾಗು ಮಾತ್ರ ಹೋಗಲಿಲ್ಲ.

ಮಗಳು ಮಧ್ಯಾಹ್ನ ಬಂದಳು. ಬಡಗಿಯ ಮಗಳಲ್ಲವೇ, ಒಳಗೆ ಕಾಲಿಡುವ ಮೊದಲೇ ತಲೆಯೆತ್ತಿದಳು. ಮಗುವನ್ನು ಇನ್ನಷ್ಟು ಅವಚಿಕೊಂಡು ಹೊಸ್ತಿಲಲ್ಲೇ ನಿಂತಳು.

"ಅಪ್ಪಾ, ಇದು ಈಗ ಎಷ್ಟು ಹೊರುತ್ತೆ?"

ಊರ ಅಟ್ಟಗಳಿಗೆಲ್ಲ ತೀರ್ಪು ಕೊಟ್ಟ ಮನುಷ್ಯ. ಇನ್ನು ಲೆಕ್ಕ ಶುರುವಾಯಿತು ಎಂದುಕೊಂಡೆ.

"ಗೊತ್ತಿಲ್ಲ ಮಗಳೇ," ಎಂದರು ಭಾವ. "ನಾನು ತಪ್ಪಾಗಿ ನೋಡಿದ್ದೆ. ಇನ್ಮೇಲೆ ಅದರ ಮೇಲೆ ಒಂದು ಕಡ್ಡೀನೂ ಇಡಲ್ಲ."

ಮಗಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಬಂದು ಮಗುವನ್ನು ಮಂಚದ ಮೇಲೆ ಮಲಗಿಸಿದಳು.