ಬೆಳೆಯುವ ಮಗುವಿನ ಅಳತೆ

ಆ ಹೆಂಗಸಿಗೆ ಕಾಜಾದಮ್ಮ ಎಂದೇ ಹೆಸರು ಬಿದ್ದುಹೋಗಿತ್ತು. ದರ್ಜಿ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅವಳ ಕೆಲಸ. ಕೊರಳಲ್ಲಿ ಸದಾ ಅಳತೆಯ ಟೇಪು, ಬೆನ್ನ ಮೇಲೆ ಮಗಳು. ಮಗಳಿಗೆ ಹುಟ್ಟಿದಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕಾಲಿನ ಶಕ್ತಿಯೂ ಸೇರಿ ನಾಲಿಗೆಗೇ ಬಂದಂತಿತ್ತು. ಅದಕ್ಕೇ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು.

ರಸ್ತೆ ಅಗಲ ಮಾಡುವಾಗ ಇವರಿದ್ದ ಸಾಲುಮನೆ ಹೋಯಿತು. ಆರು ತಿಂಗಳಲ್ಲಿ ಬೇರೆ ಮನೆ ಕೊಡುತ್ತೇವೆಂದು ಸರಕಾರದವರು ಚೀಟಿ ಬರೆದುಕೊಟ್ಟರು. ಚೀಟಿ ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಯಿತು, ಮನೆ ಬರಲಿಲ್ಲ. ಅಂದಿನಿಂದ ತಾಯಿ ಮಗಳು ನಿರಾಶ್ರಿತರ ಹಾಲ್‌ನಲ್ಲಿ, ಪರದೆ ಕಟ್ಟಿದ ಎರಡು ಬೆಡ್‌ಶೀಟುಗಳ ನಡುವೆ. ನಲ್ಲಿ, ಪಾಯಿಖಾನೆ ಎಲ್ಲಾ ಅಂಗಳ ದಾಟಿ ಆಚೆ. ದಿನಕ್ಕೆ ಎಷ್ಟು ಸಲ ಹೊತ್ತೆನೆಂದು ಅವಳು ಲೆಕ್ಕ ಇಡುವುದನ್ನೇ ಬಿಟ್ಟಿದ್ದಳು.

ಗಿಣಿಗೆ ಆರು ವರ್ಷವಾದಾಗ ಶಾಲೆಗೆ ಕರೆದೊಯ್ದಳು. ಎತ್ತಿಕೊಂಡು ಓಡಾಡಿಸಲು ನಮ್ಮಲ್ಲಿ ಜನವಿಲ್ಲ, ಗಾಲಿ ಕುರ್ಚಿಯಲ್ಲಿ ಬಂದರೆ ಸೇರಿಸಿಕೊಳ್ಳುತ್ತೇವೆ ಎಂದರು ದೊಡ್ಡ ಟೀಚರು. ಸರಿ ಎಂದು ಕುರ್ಚಿಗೆ ಅರ್ಜಿ ಹಾಕಿದಳು. ಕಚೇರಿಯ ಗುಮಾಸ್ತ ಮಗುವಿನ ಅಳತೆ ತೆಗೆದ.

"ಎರಡಿಂಚು ಜಾಸ್ತಿ ಬರ್ಕೊಳ್ಳಿ ಸಾರ್. ಬೆಳೆಯೋ ಮಗು," ಎಂದಳು ಇವಳು.

"ಇದೇನು ಫ್ರಾಕು ಅಂದ್ಕೊಂಡ್ಯೇನಮ್ಮ? ಇದ್ದಷ್ಟೇ ಬರೀಬೇಕು. ರೂಲ್ಸು."

ಆಮೇಲೆ ಕಾಯುವುದು ಶುರುವಾಯಿತು. ಕಚೇರಿಯ ಕಾಗದ ಎರಡು ಸಲ ಕೆಡವಿದ ಮನೆಯ ವಿಳಾಸಕ್ಕೇ ಹೋಗಿ, ಮನೆ ಇಲ್ಲವೆಂದು ವಾಪಸಾಯಿತು. ಕೊನೆಗೆ ದರ್ಜಿಯೇ ತನ್ನ ಅಂಗಡಿಯ ವಿಳಾಸ ಕೊಟ್ಟು, ಇನ್ನು ಮೇಲೆ ಸರಕಾರದ ಪಾಲಿಗೆ ನೀನು ನನ್ನ ಹೊಲಿಗೆ ಮಷೀನಿನ ನೆರೆಮನೆಯವಳು ಎಂದ. ಕಾಲು ಇನ್ನೂ ಬಂದಿಲ್ಲವೆಂದು ತೋರಿಸಲು ವರ್ಷಕ್ಕೊಮ್ಮೆ ಆಸ್ಪತ್ರೆಗೂ ಹೋಗಬೇಕಿತ್ತು. ಡಾಕ್ಟರು ಪ್ರತಿಸಲವೂ, ನಡೀತೀಯೇನಮ್ಮ ಎಂದು ಕೇಳುವರು. ಗಿಣಿ ಒಮ್ಮೆ, "ಇಲ್ಲ ಡಾಕ್ಟ್ರೇ, ಬರೀ ಓಡ್ತೀನಿ," ಎಂದುಬಿಟ್ಟಳು. ನಗುವ ಬದಲು ಅವರು ಬರೆಯಲು ಪೆನ್ನು ಎತ್ತಿದ್ದು ನೋಡಿ ತಾಯಿ, ತಮಾಷೆಗೆ ಅಂದಳು ಸಾರ್, ಬರೀಬೇಡಿ ಎಂದು ಅಡ್ಡ ಬಂದಳು.

ಕುರ್ಚಿ ಬಂದಿದೆ ಎಂಬ ಕಾಗದ ಅಂಗಡಿಗೆ ಬರುವಾಗ ಗಿಣಿಗೆ ಒಂಬತ್ತು ತುಂಬಿತ್ತು. ತಾಯಿ ಅರ್ಧ ದಿನ ರಜ ಹಾಕಿದಳು. ಮಗಳಿಗೆ ಸ್ನಾನ ಮಾಡಿಸಿ, ಆರನೇ ವರ್ಷದಲ್ಲಿ ಹೊಲಿದ ನೀಲಿ ಫ್ರಾಕನ್ನೇ ತೊಡಿಸಿದಳು. ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿದದ್ದು. ವರ್ಷಕ್ಕೊಂದು ಹೊಲಿಗೆ ಬಿಚ್ಚುತ್ತ ಬಂದಿದ್ದರಿಂದ ಅಂಚಿನಲ್ಲಿ ಮೂರು ಹಳೆಯ ಗೆರೆ ಉಳಿದಿದ್ದವು.

ಅಂಗವಿಕಲರ ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟಿಗೆ ಬೀಗ. ಹೊತ್ತು ಹತ್ತಿದಳು.

ಹೊಸ ಕುರ್ಚಿ ಫಳಫಳ ಹೊಳೆಯುತ್ತಿತ್ತು. ಗಿಣಿಯನ್ನು ಅದರೊಳಗೆ ಇಳಿಸಿದರೆ ಸೊಂಟ ಎರಡೂ ಕಡೆ ಸಿಕ್ಕಿಕೊಂಡಿತು, ಮಂಡಿ ಎದೆಯ ಹತ್ತಿರ ಬಂತು. ಅಂಗಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವಂತೆ ತಾಯಿ ಪಕ್ಕಕ್ಕೆ ಎರಡು ಬೆರಳು ತೂರಿಸಲು ನೋಡಿದಳು. ಒಂದೂ ಹೋಗಲಿಲ್ಲ.

ಸಹಿ ಹಾಕಿದರೆ ಐದು ವರ್ಷ ಇನ್ನೊಂದಿಲ್ಲ, ಬೇಡವೆಂದರೆ ಮೊದಲಿಂದ ಅರ್ಜಿ ಎಂದ ಗುಮಾಸ್ತ. ಅದೇ ಗುಮಾಸ್ತ, ತಲೆ ಮಾತ್ರ ನರೆತಿತ್ತು.

"ನಾನು ಹೆಂಗೋ ಕೂತ್ಕೋತೀನಮ್ಮ," ಎಂದಳು ಗಿಣಿ ಮೆಲ್ಲಗೆ. "ಶಾಲೆಗೆ ಸೇರಿಸ್ಕೋತಾರಲ್ಲ."

ತಾಯಿ ಬಹಳ ಹೊತ್ತು ಪೆನ್ನು ಹಿಡಿದು ನಿಂತಳು. ಆಮೇಲೆ ಮೇಜಿನ ಮೇಲಿಟ್ಟಳು. "ಬಟ್ಟೆಯಾಗಿದ್ರೆ ಬಿಚ್ಚಿ ದೊಡ್ಡದು ಮಾಡ್ತಿದ್ದೆ ಸಾರ್. ಕಬ್ಬಿಣ ಬಿಚ್ಚೋಕೆ ನನಗೆ ಬರಲ್ಲ. ಹೊಸ ಫಾರಂ ಕೊಡಿ."

ಅವನ ಟೇಪು ಯಾರೋ ಒಯ್ದಿದ್ದರು. ನಿನ್ನದರಲ್ಲೇ ಅಳೆದು ಹೇಳಮ್ಮ ಎಂದ. ಅವಳು ಕೊರಳಿನಿಂದ ಟೇಪು ತೆಗೆದು ಸೊಂಟ, ತೊಡೆ, ಮಂಡಿ ಎಲ್ಲ ಅಳೆದಳು. ಮೂರು ವರ್ಷಕ್ಕೆ ಮೂರಿಂಚು ಸೇರಿಸಿದಳು. ಸರಕಾರವನ್ನು ನೆನೆದು ಇನ್ನೊಂದಿಂಚು. ಹೇಳಿದ್ದನ್ನೆಲ್ಲ ಅವನು ತಲೆ ಎತ್ತದೆ ಬರೆದುಕೊಂಡ. ಟೇಪಿನ ಅಂಕಿ ಓದಲು ಬರುವ ಗಿಣಿ ಬಾಯಿ ತೆರೆದಳು, ಅಮ್ಮನ ಮುಖ ನೋಡಿ ಮುಚ್ಚಿದಳು.

ಮತ್ತೆ ಬೆನ್ನೇರಿಸಿಕೊಂಡು ಇಳಿಯತೊಡಗಿದಳು. ಮೊದಲ ತಿರುವಿನಲ್ಲಿ ಗೋಡೆಗೆ ಭುಜ ಕೊಟ್ಟು ನಿಂತಳು.

"ಈ ವರ್ಷ ಶಾಲೆ ಇಲ್ಲ ಅಲ್ವಾ?"

"ಇಲ್ಲ ಕಣೇ."

ಗಿಣಿ ಅಮ್ಮನ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಬಂದಾಗ ಕುರ್ಚಿ ದೊಡ್ಡದಾಗಿಬಿಟ್ರೆ?"

"ದಿಂಬು ಇಡ್ತೀನಿ," ಎಂದಳು ತಾಯಿ. ಮಗಳನ್ನು ಒಮ್ಮೆ ಮೇಲಕ್ಕೆ ಸರಿಸಿಕೊಂಡು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.